ರಗ್ಬಿ ಪ್ರಾಪ್ ಬೆಟ್: ಟ್ರೈ ಯಾರದು ಅನ್ನೋಕೆ ಮುಂಚೆ, ಎಷ್ಟು ನಿಮಿಷ ಆಡ್ತಾನೆ ಅಂತ ನೋಡಿ

ಮರ್ರೇಫೀಲ್ಡ್_ಮಂಜ
ಇಲ್ಲಿ ಬ್ರಿಟನ್‌ನಲ್ಲಿ ಸಿಕ್ಸ್ ನೇಷನ್ಸ್‌ನ (ಯುರೋಪಿನ ಆರು ದೇಶಗಳ ರಗ್ಬಿ ಟೂರ್ನಿ) ಪ್ರತಿ ಪಂದ್ಯಕ್ಕೂ ಬೆಟ್ಟಿಂಗ್ ಕಂಪನಿಯವರು ಪುಟಗಟ್ಟಲೆ ಮಾರ್ಕೆಟ್ (ಬೆಟ್ ಕಟ್ಟಬಹುದಾದ ವಿಷಯಗಳು) ಬಿಡ್ತಾರೆ. ಯಾರು ಗೆಲ್ತಾರೆ, ಹ್ಯಾಂಡಿಕ್ಯಾಪ್ ಎಷ್ಟು, ಇವೆರಡು ಅರ್ಥ ಆಗುತ್ತೆ. ಮೊದಲ ಟ್ರೈ (ಎದುರಾಳಿಯ ಗೋಲ್ ಗೆರೆ ದಾಟಿ ಬಾಲ್ ನೆಲಕ್ಕೊತ್ತೋದು) ಯಾರದು, ಪಂದ್ಯದಲ್ಲಿ ಯಾವಾಗಲಾದ್ರೂ ಒಂದು ಟ್ರೈ ಹಾಕ್ತಾನಾ (ಎನಿಟೈಮ್), ಕಿಕ್ಕರ್ ಎಷ್ಟು ಪಾಯಿಂಟ್ ತಗೋತಾನೆ, ಟ್ಯಾಕಲ್ ಎಷ್ಟು, ಹಳದಿ ಕಾರ್ಡ್ ಎಷ್ಟು, ಇಂಥ ಪ್ರಾಪ್‌ಗಳ (ಪಂದ್ಯದೊಳಗಿನ ಒಂದೊಂದು ಘಟನೆಯ ಮೇಲಿನ ಬೆಟ್) ದರ ಸರಿಯಿದೆಯೋ ಇಲ್ಲವೋ ಅಂತ ಅಳೆಯೋದು ಹೇಗೆ? ಒಬ್ಬ ವಿಂಗರ್‌ಗೆ (ಮೈದಾನದ ಅಂಚಿನಲ್ಲಿ ಓಡೋ ಆಟಗಾರ) ಎನಿಟೈಮ್ ಟ್ರೈ 2.60 ಇದೆ, ಅಂದ್ರೆ 1 ಕಟ್ಟಿ ಗೆದ್ರೆ ಒಟ್ಟು 2.60 ವಾಪಸ್ ಅಂದ್ಕೊಳ್ಳಿ. ಒಳ್ಳೇ ದರನಾ? ಕ್ರಿಕೆಟ್ ಕಣ್ಣಲ್ಲಿ ನೋಡಿದ್ರೆ ತಲೆಬುಡ ಗೊತ್ತಾಗ್ತಿಲ್ಲ.

ನಿರ್ವಾಹಕ
ಚರ್ಚೆ ಶುರುವಾಗುವ ಮೊದಲು ಒಂದು ಮಾತು. ಭಾರತದಲ್ಲಿ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂದ ಮೇಲೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆಲ್ಲ ನಿಷೇಧವಿದೆ, ಬೆಟ್ಟಿಂಗ್ ಕೂಡ ಅದರಲ್ಲೇ ಬರುತ್ತದೆ. ಹಾಗಾಗಿ ಈ ಎಳೆ ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ವಾಸವಿದ್ದು, ಅಲ್ಲಿ ಪರವಾನಗಿ ಇರುವ ಕಂಪನಿಯಲ್ಲಿ ತಮ್ಮ ಹೆಸರಿನ ಖಾತೆ ಇಟ್ಟುಕೊಂಡಿರುವ ವಯಸ್ಕರಿಗೆ ಮಾತ್ರ. ಬೆಂಗಳೂರಿನಿಂದ ವಿಪಿಎನ್ ಹಾಕಿ ಆಡುವ ದಾರಿ ಕೇಳುವ ಪೋಸ್ಟ್‌ಗಳನ್ನು ತೆಗೆದುಹಾಕುತ್ತೇವೆ. ಅಂಥ ಖಾತೆಯಲ್ಲಿ ಗೆದ್ದರೂ ಹಣ ಹಿಂತೆಗೆಯುವಾಗ ವಿಳಾಸದ ದಾಖಲೆ ಕೇಳುತ್ತಾರೆ, ಕೊಡಲಾಗದಿದ್ದರೆ ಹಣ ಅಲ್ಲೇ ಉಳಿಯುತ್ತದೆ.

ಹಳೇ_ಲೈನ್‌ಔಟ್
ಮಂಜ ಅವರೇ, ದರದ ಲೆಕ್ಕಕ್ಕೆ ಮುಂಚೆ ಅಂಕಗಳ ಲೆಕ್ಕ ಬಾಯಿಪಾಠ ಇರಲಿ. ಟ್ರೈಗೆ 5, ಅದರ ಮೇಲಿನ ಕನ್ವರ್ಷನ್‌ಗೆ (ಟ್ರೈ ಆದ ಮೇಲೆ ಕಂಬಗಳ ನಡುವೆ ಒದೆಯೋದು) 2, ಪೆನಾಲ್ಟಿ ಗೋಲ್‌ಗೆ (ಎದುರಾಳಿಯ ತಪ್ಪಿಗೆ ಸಿಗುವ ಒದೆತ) 3, ಡ್ರಾಪ್ ಗೋಲ್‌ಗೆ (ಆಟದ ನಡುವೆ ಬಾಲ್ ನೆಲಕ್ಕೆ ಬಿಟ್ಟು ಒದೆಯೋದು) 3. ಪೆನಾಲ್ಟಿ ಟ್ರೈ (ಎದುರಾಳಿ ತಪ್ಪು ಮಾಡದಿದ್ದರೆ ಟ್ರೈ ಆಗ್ತಿತ್ತು ಅಂತ ರೆಫರಿ ಕೊಡೋದು) ಬೇರೆಯದೇ ಜಾತಿ. 2017ರಿಂದ ಅದಕ್ಕೆ ನೇರವಾಗಿ 7, ಕನ್ವರ್ಷನ್ ಒದೆಯೋದೇ ಇಲ್ಲ. ಅದು ತಂಡದ ಲೆಕ್ಕಕ್ಕೆ ಹೋಗುತ್ತೆ, ಯಾವ ಆಟಗಾರನ ಹೆಸರಿಗೂ ಬರಲ್ಲ. ಆದ್ದರಿಂದ ಪಂದ್ಯದ ಮೊದಲ ಟ್ರೈ ಪೆನಾಲ್ಟಿ ಟ್ರೈ ಆಗಿದ್ದರೆ "ಮೊದಲ ಟ್ರೈ ಯಾರದು" ಮಾರ್ಕೆಟ್‌ನಲ್ಲಿ ಸಾಮಾನ್ಯವಾಗಿ ಅದನ್ನು ಬಿಟ್ಟು ಮುಂದಿನ ಟ್ರೈ ಹಿಡೀತಾರೆ. ಕಿಕ್ಕರ್ ಪಾಯಿಂಟ್ಸ್ ಕಟ್ಟಿದವರಿಗೆ ಆ ಏಳರಲ್ಲಿ ಬಿಡಿಗಾಸೂ ಇಲ್ಲ. ತಂಡಕ್ಕೆ 7 ಬಂತು, ಫ್ಲೈ ಹಾಫ್‌ಗೆ (10ನೇ ಸಂಖ್ಯೆ, ಸಾಮಾನ್ಯವಾಗಿ ಅವನೇ ಕಿಕ್ಕರ್) ಸೊನ್ನೆ.

ಎರಡನೇದು ಜರ್ಸಿ ಸಂಖ್ಯೆ. 1ರಿಂದ 8 ಫಾರ್ವರ್ಡ್‌ಗಳು, 9ರಿಂದ 15 ಬ್ಯಾಕ್‌ಗಳು, 16ರಿಂದ 23 ಬೆಂಚು. ಟ್ರೈ ದರಗಳಲ್ಲಿ 11, 14 (ವಿಂಗರ್‌ಗಳು) ಎಲ್ಲಕ್ಕಿಂತ ಚಿಕ್ಕವು, 13, 15 ಅದರ ನಂತರ, 1, 3, 4, 5 ದೊಡ್ಡವು. 2, ಅಂದರೆ ಹೂಕರ್, ಈ ಸಾಲಿನಲ್ಲಿ ಕೂರಲ್ಲ, ಅವನ ಕಥೆ ಬೇರೆ.

ಮೂರನೇದು, 80 ನಿಮಿಷದ ನಿಯಮ. ಬೇರೆ ಹೇಳದಿದ್ದರೆ ಬಹುತೇಕ ಮಾರ್ಕೆಟ್‌ಗಳು ನಿಗದಿತ 80 ನಿಮಿಷಕ್ಕೇ (ಗಾಯದ ಸಮಯ ಸೇರಿ) ಮುಗೀತಾವೆ. 2003ರ ವಿಶ್ವಕಪ್ ಫೈನಲ್ ತಗೊಳ್ಳಿ. 80 ನಿಮಿಷಕ್ಕೆ ಇಂಗ್ಲೆಂಡ್ 14, ಆಸ್ಟ್ರೇಲಿಯಾ 14. ಆಮೇಲೆ ಹೆಚ್ಚುವರಿ ಸಮಯದ ಕೊನೆಯಲ್ಲಿ ಜಾನಿ ವಿಲ್ಕಿನ್ಸನ್ ಬಲಗಾಲಲ್ಲಿ ಒದ್ದ ಡ್ರಾಪ್ ಗೋಲ್, 20–17. ಆ ಒದೆತ ಎಲ್ಲರಿಗೂ ನೆನಪಿದೆ. ಆದರೆ 80 ನಿಮಿಷದ ನಿಯಮದಲ್ಲಿ "ಪಂದ್ಯದಲ್ಲಿ ಡ್ರಾಪ್ ಗೋಲ್ ಬರುತ್ತೆ" ಅನ್ನೋ ಬೆಟ್ ಸೋತಂತೆ, ಪಂದ್ಯದ ಫಲಿತಾಂಶ ಡ್ರಾ.

ಲೆಕ್ಕಾಚಾರ್ಯ
2.60ರ ಪ್ರಶ್ನೆಗೆ ಬರುತ್ತೇನೆ. 1ನ್ನು ದರದಿಂದ ಭಾಗಿಸಿ: 1 ÷ 2.60 = 0.385. ಈ ವಿಂಗರ್ ಟ್ರೈ ಹಾಕುವ ಸಾಧ್ಯತೆ ಶೇ. 38.5ಕ್ಕಿಂತ ಹೆಚ್ಚಿದ್ದರೆ ಮಾತ್ರ ದರ ನಿಮ್ಮ ಕಡೆ. ಭಿನ್ನರಾಶಿಯಲ್ಲಿ 8/5 ಅಂತ ಕಂಡರೆ ಅದೇ 2.60 (8 ÷ 5 = 1.6, ಅದಕ್ಕೆ ಕಟ್ಟಿದ 1 ಸೇರಿಸಿ).

ಆ ಸಾಧ್ಯತೆ ಅಂದಾಜು ಮಾಡೋಕೆ ಮೂರು ಅಂಕಿ ಬೇಕು.

ಒಂದು, ತಂಡ ಎಷ್ಟು ಟ್ರೈ ಹಾಕಬಹುದು. ಇದನ್ನು ನೀವು ಊಹಿಸಬೇಕಿಲ್ಲ, ಬುಕ್‌ಮೇಕರ್‌ನ (ಬೆಟ್ಟಿಂಗ್ ಕಂಪನಿಯ) "ತಂಡದ ಒಟ್ಟು ಟ್ರೈ" ಸಾಲಿನಲ್ಲೇ ಇದೆ. 3.5ರ ಮೇಲೆ-ಕೆಳಗೆ (4 ಅಥವಾ ಹೆಚ್ಚು, 3 ಅಥವಾ ಕಡಿಮೆ) ಎರಡೂ ಸಮಾನ ದರದಲ್ಲಿದ್ದರೆ ಸರಾಸರಿ ನಿರೀಕ್ಷೆ ಸುಮಾರು 3.7 ಅಂತ ಹಿಡಿಯಿರಿ.

ಎರಡು, ತಂಡದ ಟ್ರೈಗಳಲ್ಲಿ ಇವನ ಪಾಲು. ಈ ಒಂದು ಪಂದ್ಯದ್ದಲ್ಲ, ಕನಿಷ್ಠ ಎರಡು ಸೀಸನ್‌ನ ಪಾಲು. ಉದಾಹರಣೆಗೆ ಶೇ. 15 ಇಟ್ಟುಕೊಳ್ಳೋಣ. 3.7 × 0.15 = 0.555.

ಮೂರು, ಎಷ್ಟು ನಿಮಿಷ ಆಡ್ತಾನೆ. 80 ನಿಮಿಷ ಪೂರ್ತಿ ಅಂದರೆ 0.555 ಹಾಗೇ ಉಳಿಯುತ್ತೆ.

ಇನ್ನು ಪಾಯ್ಸಾನ್ ಸೂತ್ರ (ಸರಾಸರಿಯಿಂದ ಸಾಧ್ಯತೆ ತೆಗೆಯೋದು): ಒಂದಾದರೂ ಟ್ರೈ ಬರುವ ಸಾಧ್ಯತೆ = 1 − e^(−0.555) = 0.426. ತಲೆಕೆಳಗೆ ಮಾಡಿದರೆ ನ್ಯಾಯವಾದ ದರ 2.35. ಸಿಗ್ತಿರೋದು 2.60. ಚೆನ್ನಾಗಿದೆ.

ಈಗ ಅದೇ ವಿಂಗರ್‌ನನ್ನು 60ನೇ ನಿಮಿಷಕ್ಕೆ ಹೊರಗೆ ಕರೀತಾರೆ ಅಂತ ಹಾಕಿ. 0.555 × 60/80 = 0.416. ಸಾಧ್ಯತೆ 0.340, ನ್ಯಾಯವಾದ ದರ 2.94. ಅದೇ 2.60 ಈಗ ನಷ್ಟದ ಬಾಬತ್ತು. ನಿಜದಲ್ಲಿ ಇನ್ನೂ ಸ್ವಲ್ಪ ಕೆಟ್ಟದ್ದೇ, ಯಾಕೆಂದರೆ ದಣಿದ ರಕ್ಷಣೆ ಬಿರುಕು ಬಿಡೋದು ಕೊನೆಯ ಇಪ್ಪತ್ತು ನಿಮಿಷದಲ್ಲಿ, ಇವನು ಆಗ ಬೆಂಚಿನ ಮೇಲಿರ್ತಾನೆ.

ಆಟಗಾರ ಬದಲಾಗಲಿಲ್ಲ, ದರ ಬದಲಾಗಲಿಲ್ಲ. ಬದಲಾಗಿದ್ದು ನಿಮಿಷ ಮಾತ್ರ.

ಮರ್ರೇಫೀಲ್ಡ್_ಮಂಜ
ಅರ್ಥ ಆಯ್ತು ಸರ್. ಆದ್ರೆ ಎಷ್ಟು ನಿಮಿಷ ಆಡ್ತಾನೆ ಅಂತ ಮೊದಲೇ ಗೊತ್ತಾಗೋದು ಹೇಗೆ?

ಹಳೇ_ಲೈನ್‌ಔಟ್
ಬೆಂಚು ನೋಡಿ. 23 ಜನರ ಪಟ್ಟಿ ಪಂದ್ಯಕ್ಕೆ ಎರಡು ಮೂರು ದಿನ ಮುಂಚೆ ಬರುತ್ತೆ. 16ರಿಂದ 23ರಲ್ಲಿ ಫಾರ್ವರ್ಡ್ ಎಷ್ಟು, ಬ್ಯಾಕ್ ಎಷ್ಟು ಎಣಿಸಿ. ಸಾಂಪ್ರದಾಯಿಕವಾಗಿ 5–3. ಈಗ 6–2 ಧಾರಾಳ. 2023ರ ವಿಶ್ವಕಪ್ ಫೈನಲ್‌ಗೆ ದಕ್ಷಿಣ ಆಫ್ರಿಕಾ 7–1 ಇಟ್ಟಿತ್ತು, 2025ರ ಮಾರ್ಚ್‌ನಲ್ಲಿ ಡಬ್ಲಿನ್‌ಗೆ ಹೋದಾಗ ಫ್ರಾನ್ಸ್ ಕೂಡ. 7–1 ಅಂದರೆ ಬೆಂಚಿನಲ್ಲಿ ಒಬ್ಬನೇ ಬ್ಯಾಕ್. ಗಾಯ ಆಗದಿದ್ದರೆ ಇಬ್ಬರೂ ವಿಂಗರ್‌ಗಳು 80 ನಿಮಿಷ ಆಡ್ತಾರೆ. ಅದೇ ವೇಳೆ ಮುಂದಿನ ಸಾಲಿನ ಫಾರ್ವರ್ಡ್‌ಗಳು 50ರ ಆಸುಪಾಸಿನಲ್ಲಿ ಸಾಲುಸಾಲಾಗಿ ಇಳೀತಾರೆ. ಅವರ ಎನಿಟೈಮ್ ದರವನ್ನು 80 ನಿಮಿಷದ ಮನುಷ್ಯನ ಹಾಗೆ ಓದಬೇಡಿ.

ಗಾಯದ ವಿಷಯಕ್ಕೆ ಔಷಧಿ ಇಲ್ಲ. ಅದೇ ಡಬ್ಲಿನ್ ಪಂದ್ಯದಲ್ಲಿ ಫ್ರಾನ್ಸ್‌ನ ಆಂತ್ವಾನ್ ದ್ಯುಪಾಂ ಮೊದಲರ್ಧದಲ್ಲೇ ಮೊಣಕಾಲು ಪೆಟ್ಟು ಮಾಡಿಕೊಂಡು ಹೊರಗೆ ನಡೆದರು. ಮೈದಾನಕ್ಕಿಳಿದ ಆಟಗಾರ "ಭಾಗವಹಿಸಿದ" ಲೆಕ್ಕ. ಅರ್ಧಗಂಟೆ ಆಡಿ ಹೋದರೂ ಅವನ ಮೇಲಿನ ಎನಿಟೈಮ್ ಬೆಟ್ ನಿಲ್ಲುತ್ತೆ, ಸೋಲುತ್ತೆ. ಹಣ ವಾಪಸ್ ಬರೋದು ಒಂದು ನಿಮಿಷವೂ ಆಡದಿದ್ದರೆ.

ಕುಡ್ಲ_ಕಿಕ್ಕರ್
ಇದರಲ್ಲೂ ಕಂಪನಿಯಿಂದ ಕಂಪನಿಗೆ ವ್ಯತ್ಯಾಸ ಉಂಟು ಮಾರಾಯ್ರೆ. ಕೆಲವರು "ಶುರುವಿನ ಹದಿನೈದರಲ್ಲಿ ಇಲ್ಲದಿದ್ದರೆ ವಾಪಸ್" ಅಂತಾರೆ, ಕೆಲವರು "ಬೆಂಚಿನಿಂದ ಬಂದರೂ ಬೆಟ್ ಉಂಟು" ಅಂತಾರೆ. ಮೊದಲ ಟ್ರೈ ಮಾರ್ಕೆಟ್‌ನಲ್ಲಿ ನಿಮ್ಮ ಆಟಗಾರ ಬೆಂಚಿನಿಂದ ಬರೋ ಮುಂಚೆಯೇ ಮೊದಲ ಟ್ರೈ ಬಿದ್ದರೆ ಸಾಮಾನ್ಯವಾಗಿ ವಾಪಸ್ ಕೊಡ್ತಾರೆ, ಆದರೆ ಅದನ್ನೂ ಓದಿಯೇ ಕಟ್ಟಬೇಕು. ನಿಯಮಗಳ ಪುಟದಲ್ಲಿ "ರಗ್ಬಿ ಯೂನಿಯನ್" ತೆಗೆದು ನೋಡಿ. ಆಸ್ಟ್ರೇಲಿಯಾದಲ್ಲಿ ಇದ್ದವರು ವಿಶೇಷವಾಗಿ: ಪಕ್ಕದಲ್ಲೇ "ರಗ್ಬಿ ಲೀಗ್" ಇರ್ತದೆ, ಅದು 13 ಜನರ ಆಟ, ಟ್ರೈಗೆ 4, ನಿಯಮವೂ ಬೇರೆ. ಅದನ್ನು ಓದಿ ಇದಕ್ಕೆ ಕಟ್ಟಿದರೆ ಎಂತ ಪ್ರಯೋಜನ?

ಧಾರವಾಡದ_ಪ್ರಾಪ್
ವಿಂಗರ್ ವಿಂಗರ್ ಅಂತ ಎಲ್ಲಾರೂ ಅಲ್ಲೇ ರೊಕ್ಕ ಸುರೀತಾರ, ಅದಕ್ಕ ಅವರ ದರ ಬಿಗಿ ಇರ್ತದ. ಹೂಕರ್ ಕಡೆ ನೋಡ್ರಿ. ಎದುರಾಳಿ ಪೆನಾಲ್ಟಿ ಕೊಟ್ಟ ಕೂಡ್ಲೆ ತಂಡ ಬಾಲ್ ಮೂಲಿಗೆ ಒದೀತದ, ಐದು ಮೀಟರ್ ಲೈನ್‌ಔಟ್ (ಹೊರಗ ಹೋದ ಬಾಲ್ ಎರಡು ಸಾಲಿನ ನಡುವ ಒಗೆಯೂದು). ಬಾಲ್ ಒಗೆಯಾಂವ ಹೂಕರ್. ಒಗದು ಓಡಿ ಬಂದು ಮಾಲ್‌ನ (ಬಾಲ್ ಹಿಡದಾಂವನ ಸುತ್ತ ಗುಂಪುಗೂಡಿ ದಬ್ಬೂದು) ಹಿಂದ ಸೇರ್ಕೋತಾನ, ಬಾಲ್ ಕೈಯಿಂದ ಕೈಗೆ ಜಾರಿ ಅವನ ಹತ್ರ ಬರ್ತದ. ಎಂಟು ಮಂದಿ ದಬ್ಬತಾರ, ಗೆರಿ ದಾಟಿದ ಮ್ಯಾಲೆ ಬೀಳಾಂವ ಇಂವ. 2025ರ ಸಿಕ್ಸ್ ನೇಷನ್ಸ್‌ನಾಗ ಐರ್ಲೆಂಡ್‌ನ ಡ್ಯಾನ್ ಶೀಹಾನ್ ರೋಮ್‌ನಾಗ ಇಟಲಿ ಮ್ಯಾಲೆ ಮೂರು ಟ್ರೈ ಹಾಕಿದ್ದು ನೆನಪೈತಿಲ್ಲೋ? ಐರ್ಲೆಂಡ್ ಒಟ್ಟು ಹಾಕಿದ್ದ ನಾಕು.

ಲೆಕ್ಕಾಚಾರ್ಯ
ಒಪ್ಪುತ್ತೇನೆ, ಆದರೆ ಎರಡು ಕಡಿತ ಹಾಕಲೇಬೇಕು. ಹೂಕರ್ 80 ನಿಮಿಷ ಆಡೋದು ಅಪರೂಪ, 50ರಿಂದ 60ರೊಳಗೆ ಇಳೀತಾನೆ. ಅದೇ ಮಾಲ್‌ನಿಂದ ಕೊನೆಯ ಭಾಗದಲ್ಲಿ ಬರುವ ಟ್ರೈ 16ನೇ ಸಂಖ್ಯೆಯವನಿಗೆ ಹೋಗುತ್ತೆ. ಇನ್ನೊಂದು, ಮಾಲ್ ಗೆರೆಯ ಹತ್ತಿರ ಬಂದಾಗ ಎದುರಾಳಿ ಅದನ್ನು ಬೇಕಂತಲೇ ಕೆಡವಿದರೆ ರೆಫರಿ ಕಂಬಗಳ ಕೆಳಗೆ ಓಡಿ ಪೆನಾಲ್ಟಿ ಟ್ರೈ ಕೊಡ್ತಾರೆ. ತಂಡಕ್ಕೆ 7, ನಿಮ್ಮ ಹೂಕರ್‌ಗೆ ಸೊನ್ನೆ. ಮಾಲ್ ಬಲವಾಗಿದ್ದಷ್ಟೂ ಎರಡೂ ಜಾಸ್ತಿ.

ಧಾರವಾಡದ_ಪ್ರಾಪ್
ಅದು ಖರೇ. ಅದಕ್ಕ ನಾ ಹೇಳೂದು, ಬರೇ ಹೂಕರ್ ಹೆಸರು ನೋಡಿ ಕಟ್ಟಬ್ಯಾಡ್ರಿ, ಮೂರು ಸಂಗತಿ ಕೂಡಿ ಬರಬೇಕು. ತಂಡ ಪೆನಾಲ್ಟಿ ಸಿಕ್ಕಾಗ ಕಂಬಕ್ಕ ಒದೀತದೋ ಮೂಲಿಗೆ ಒದೀತದೋ. ಲೈನ್‌ಔಟ್‌ನಾಗ ತಮ್ಮ ಬಾಲ್ ಉಳಸ್ಕೋತಾರೋ. ಎದುರಾಳಿ ಸ್ವಂತ ಗೋಲ್ ಲೈನ್‌ನ 22 ಮೀಟರ್‌ನಾಗ ಪೆನಾಲ್ಟಿ ಭಾಳ ಕೊಡ್ತದೋ. ಮೂರೂ ಇದ್ರ ಹೂಕರ್. ಮಳಿ ಬಂದ್ರ ಇನ್ನೂ ಚಲೋ, ಬಾಲ್ ಜಾರ್ತದ, ಬ್ಯಾಕ್‌ಗಳ ಕೈಗೆ ಹೋಗೂದು ಕಡಿಮಿ.

ಇನ್ನೊಂದು. 2021ರಿಂದ ಗೆರಿ ದಾಟಿ ಬಾಲ್ ನೆಲಕ್ಕ ತಾಗದಂಗ ಎತ್ತಿ ಹಿಡದ್ರ ಐದು ಮೀಟರ್ ಸ್ಕ್ರಮ್ (ಎರಡೂ ಕಡೆ ಎಂಟೆಂಟು ಮಂದಿ ತಲಿ ಕೊಟ್ಟು ದಬ್ಬೂದು) ಇಲ್ಲ, ರಕ್ಷಣಾ ತಂಡ ಗೋಲ್ ಲೈನ್‌ನಿಂದ ಡ್ರಾಪ್ ಔಟ್ ಒದ್ದು ಕಳಸ್ತದ. ಮೊದಲ ನಂಬರ್ 8ನವರಿಗೆ (ಸ್ಕ್ರಮ್‌ನ ಹಿಂದಿನ ತುದಿಯಾಂವ) ಆ ಸ್ಕ್ರಮ್‌ನಿಂದ ಎರಡನೇ ಅವಕಾಶ ಸಿಗ್ತಿತ್ತು, ಈಗ ಇಲ್ಲ. ಹಳೇ ಅಂಕಿಸಂಖ್ಯೆ ಇಟ್ಕೊಂಡು ನಂಬರ್ 8 ಮ್ಯಾಲೆ ಕಟ್ಟಾವ್ರು ಇದನ್ನ ನೋಡಂಗಿಲ್ಲ.

ಮರ್ರೇಫೀಲ್ಡ್_ಮಂಜ
ಮೊದಲ ಟ್ರೈ ಮಾರ್ಕೆಟ್‌ನಲ್ಲಿ ದರ 8, 10, 15 ಹೀಗೆ ದೊಡ್ಡದಾಗಿ ಕಾಣುತ್ತಲ್ಲ, ಅದು ಎನಿಟೈಮ್‌ಗಿಂತ ಲಾಭವೇ?

ಲೆಕ್ಕಾಚಾರ್ಯ
ದೊಡ್ಡ ಸಂಖ್ಯೆ, ದೊಡ್ಡ ಕತ್ತರಿ (ಬುಕ್‌ಮೇಕರ್ ದರದಲ್ಲಿ ಕಡಿದುಕೊಳ್ಳುವ ಪಾಲು). ಮೇಲಿನ ವಿಂಗರ್‌ನನ್ನೇ ತಗೊಳ್ಳಿ. ಅವನ ತಂಡಕ್ಕೆ 3.7, ಎದುರಾಳಿಗೆ 2.3 ಅಂದರೆ ಪಂದ್ಯದಲ್ಲಿ ಸುಮಾರು 6 ಟ್ರೈ ನಿರೀಕ್ಷೆ. ಮೊದಲನೆಯದು ಅವನದಾಗುವ ಸಾಧ್ಯತೆ 0.555 ÷ 6 = ಶೇ. 9.25. ನ್ಯಾಯವಾದ ದರ 10.8. ಈಗ ಆ ಮಾರ್ಕೆಟ್‌ನ ಎಲ್ಲ ಹೆಸರುಗಳ 1 ÷ ದರ ಕೂಡಿಸಿ, "ಟ್ರೈ ಇಲ್ಲ" ಅನ್ನೋದನ್ನೂ ಸೇರಿಸಿ. ನ್ಯಾಯವಾಗಿದ್ದರೆ 100 ಬರಬೇಕು. 140 ಬಂತು ಅಂದರೆ ನಿಮ್ಮ 10.8ರ ಮನುಷ್ಯ 7.7ಕ್ಕೆ ಸಿಗ್ತಿದ್ದಾನೆ ಅಂತ ಅರ್ಥ. ಮೇಲೆ-ಕೆಳಗೆ ಮಾರ್ಕೆಟ್‌ನಲ್ಲಿ ಎರಡೂ ಬದಿ 1.90 ಇದ್ದರೆ ಮೊತ್ತ 105.3. ಕತ್ತರಿ ಎಲ್ಲಿ ಚಿಕ್ಕದು ಅಂತ ಹೇಳಬೇಕಿಲ್ಲ.

ಎನಿಟೈಮ್‌ನಲ್ಲಿ 100ಕ್ಕೆ ಹೋಲಿಸೋಕೆ ಬರಲ್ಲ, ಯಾಕೆಂದರೆ ಒಂದೇ ಪಂದ್ಯದಲ್ಲಿ ಆರು ಜನ ಗೆಲ್ಲಬಹುದು. ಅಲ್ಲಿ ಬೇರೆ ಪರೀಕ್ಷೆ: ಎಲ್ಲ 46 ಹೆಸರುಗಳ 1 ÷ ದರ ಕೂಡಿಸಿ. ಆ ಮೊತ್ತ ಪಂದ್ಯದಲ್ಲಿ ಟ್ರೈ ಹಾಕುವ ಬೇರೆ ಬೇರೆ ಜನರ ಸಂಖ್ಯೆ ಆಗಬೇಕು. ಒಟ್ಟು ಟ್ರೈ ನಿರೀಕ್ಷೆ 6 ಇದ್ದರೆ, ಒಬ್ಬನೇ ಎರಡು ಹಾಕೋದು ಮತ್ತು ಪೆನಾಲ್ಟಿ ಟ್ರೈ ಕಳೆದು ಆ ಸಂಖ್ಯೆ 6ಕ್ಕಿಂತ ಕಡಿಮೆಯೇ ಇರಬೇಕು. ಕೂಡಿಸಿದಾಗ 7.8 ಬಂದರೆ ಬಾಕಿ ಯಾರ ಜೇಬಿಗೆ ಹೋಗ್ತಿದೆ ಅಂತ ನೋಡಿಕೊಳ್ಳಿ. ಈ ಹೆಚ್ಚುವರಿ ಎಲ್ಲರ ಮೇಲೂ ಸಮವಾಗಿ ಹಂಚಿರಲ್ಲ. ಹೆಸರಾದ ವಿಂಗರ್‌ಗಳ ಮೇಲೆ ಮತ್ತು ದರ 15 ದಾಟಿದ ಪ್ರಾಪ್ (ಇಲ್ಲಿ 1, 3ನೇ ಸಂಖ್ಯೆಯ ಆಟಗಾರರು), ಲಾಕ್‌ಗಳ (4, 5) ಮೇಲೆ ಜಾಸ್ತಿ ಕೂತಿರುತ್ತೆ.

ಹಳೇ_ಲೈನ್‌ಔಟ್
ಹೆಸರಾದ ವಿಂಗರ್ ಅಂದಿರಲ್ಲ, ಲೂಯಿ ಬಿಯೆಲ್-ಬಿಯಾರೆ ಒಳ್ಳೇ ಉದಾಹರಣೆ. 2025ರ ಸಿಕ್ಸ್ ನೇಷನ್ಸ್‌ನಲ್ಲಿ ಐದು ಪಂದ್ಯ, ಐದರಲ್ಲೂ ಟ್ರೈ, ಒಟ್ಟು 8. ಫ್ರಾನ್ಸ್ ಆ ಟೂರ್ನಿಯಲ್ಲಿ 30 ಟ್ರೈ ಹಾಕಿತು. ಪಾಲು ಕಾಲುಭಾಗಕ್ಕಿಂತ ಜಾಸ್ತಿ. ಆದರೆ ಮುಂದಿನ ಪಂದ್ಯಕ್ಕೆ ಶೇ. 27 ಪಾಲು ಅಂತ ಲೆಕ್ಕಕ್ಕೆ ಹಾಕಿದರೆ ನೀವು ಬುಕ್‌ಮೇಕರ್‌ಗೆ ಬೇಕಾದ ಗಿರಾಕಿ. ಐದು ಪಂದ್ಯದ ಪಾಲು ತೀರಾ ಅಲುಗಾಡುವ ಅಂಕಿ, ದೀರ್ಘಕಾಲದ ಪಾಲಿನ ಕಡೆಗೆ ಎಳೆದು ಹಾಕಿ. ದರ ಮಾತ್ರ ಇಡೀ ಶೇ. 27ರ ಉತ್ಸಾಹವನ್ನು ಹೊತ್ತುಕೊಂಡೇ ಬರುತ್ತೆ.

ಕುಡ್ಲ_ಕಿಕ್ಕರ್
ಕಿಕ್ಕರ್ ಪಾಯಿಂಟ್ಸ್ ಬಗ್ಗೆ ಯಾರೂ ಮಾತಾಡ್ಲಿಲ್ಲ, ನಾನೇ ಹೇಳ್ತೇನೆ. ಮೊದಲ ತಪಾಸಣೆ: ಒದೆಯುವವ ಯಾರು? 10ನೇ ಸಂಖ್ಯೆ ಅಂತ ಕಣ್ಣುಮುಚ್ಚಿ ಕಟ್ಟಬೇಡಿ. ಫ್ರಾನ್ಸ್‌ಗೆ ತೋಮಾ ರಾಮೋಸ್ ಫುಲ್‌ಬ್ಯಾಕ್ ಆಡುವಾಗಲೂ ಕಂಬಕ್ಕೆ ಒದೆಯುವುದು ಅವರೇ. ಎರಡನೇದು, ಅವ ಎಷ್ಟು ಹೊತ್ತು ಇರ್ತಾನೆ. 2023ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ವಿರುದ್ಧ ದಕ್ಷಿಣ ಆಫ್ರಿಕಾದ ಮ್ಯಾನಿ ಲಿಬಾಕ್ ಶುರು ಮಾಡಿದರು, ಅರ್ಧಗಂಟೆ ಆದದ್ದೇ ಹೊರಗೆ, ಹ್ಯಾಂಡ್ರೆ ಪೊಲಾರ್ಡ್ ಒಳಗೆ. ಗಾಯ ಅಲ್ಲ, ಕೋಚ್‌ನ ತೀರ್ಮಾನ. ಲಿಬಾಕ್ ಮೇಲೆ "ಮೇಲೆ" ಕಟ್ಟಿದ್ದವರ ಕತೆ ಅಲ್ಲಿಗೆ ಮುಗೀತು.

ಲೆಕ್ಕ ಹೀಗೆ: ತಂಡಕ್ಕೆ 3.7 ಟ್ರೈ, ಕನ್ವರ್ಷನ್ ನಾಲ್ಕರಲ್ಲಿ ಮೂರು ಹೋಗ್ತದೆ ಅಂತ ಹಿಡಿದರೆ 3.7 × 0.75 × 2 = 5.55. ಪೆನಾಲ್ಟಿ ಗೋಲ್ 1.8 ಅಂದರೆ 5.4. ಒಟ್ಟು ಸುಮಾರು 11. ಸಾಲು 10.5 ಇದ್ದರೆ ಅದು ನ್ಯಾಯವಾದ ಸಾಲು, ಅಲ್ಲಿ ನಿಮಗೆ ಕೆಲಸ ಇಲ್ಲ. ವಿಂಗರ್‌ಗಳು ಗೆರೆ ದಾಟುವುದು ಮೂಲೆಯಲ್ಲಾದರೆ ಕನ್ವರ್ಷನ್ ಕೋನ ಕಷ್ಟ, ನಾಲ್ಕರಲ್ಲಿ ಮೂರು ಅನ್ನುವುದು ಇಳೀತದೆ. ಗಾಳಿ ಇದ್ದರೆ ಇನ್ನೂ ಇಳೀತದೆ. ಕನ್ವರ್ಷನ್‌ಗೆ ಈಗ 60 ಸೆಕೆಂಡ್ ಗಡಿಯಾರ ಉಂಟು, ಮೊದಲು 90 ಇತ್ತು. ಎದುರಾಳಿ ಓಡಿ ಬಂದು ತಡೆಯಲೂಬಹುದು: 2023ರ ಕ್ವಾರ್ಟರ್ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾದ ಚೆಸ್ಲಿನ್ ಕೋಲ್ಬೆ ರಾಮೋಸ್‌ರ ಕನ್ವರ್ಷನ್ ತಡೆದರು, ಪಂದ್ಯ ದಕ್ಷಿಣ ಆಫ್ರಿಕಾಕ್ಕೆ 29–28.

ಜೋಹಾನೆಸ್‌ಬರ್ಗ್‌ನಲ್ಲಿ ತಲೆಕೆಳಗು. ಸಮುದ್ರಮಟ್ಟದಿಂದ 1,700 ಮೀಟರ್‌ಗಿಂತ ಎತ್ತರ, ಬಾಲ್ ದೂರ ಹೋಗ್ತದೆ. ಬೇರೆ ಕಡೆ ಮೂಲೆಗೆ ಒದೆಯುವ ಪೆನಾಲ್ಟಿಯನ್ನು ಅಲ್ಲಿ ಕಂಬಕ್ಕೆ ಒದೀತಾರೆ.

ಹಳೇ_ಲೈನ್‌ಔಟ್
ಕಂಬಕ್ಕೋ ಮೂಲೆಗೋ ಅನ್ನೋ ತೀರ್ಮಾನದ ಹಿಂದೆ ಟೂರ್ನಿಯ ಬೋನಸ್ ನಿಯಮ ಇರುತ್ತೆ. ಇದನ್ನು ಗಮನಿಸುವವರು ಕಡಿಮೆ. ಸಿಕ್ಸ್ ನೇಷನ್ಸ್‌ನಲ್ಲಿ 2017ರಿಂದ ನಾಲ್ಕು ಟ್ರೈ ಹಾಕಿದರೆ ಒಂದು ಬೋನಸ್ ಅಂಕ. ಮೂರು ಟ್ರೈ ಆಗಿ ಮುನ್ನಡೆ ಇರುವ ತಂಡ 65ನೇ ನಿಮಿಷದಲ್ಲಿ ಕಂಬದ ಎದುರು ಪೆನಾಲ್ಟಿ ಸಿಕ್ಕರೂ ಮೂಲೆಗೆ ಒದೆಯುತ್ತೆ. ಫ್ರಾನ್ಸ್‌ನ ಟಾಪ್ 14, ಸೂಪರ್ ರಗ್ಬಿ ಪೆಸಿಫಿಕ್‌ಗಳಲ್ಲಿ ಬೋನಸ್ ಬೇಕಾದರೆ ಎದುರಾಳಿಗಿಂತ ಮೂರು ಟ್ರೈ ಜಾಸ್ತಿ ಬೇಕು. ಅಂದರೆ ಸೋಲುತ್ತಿರುವ ತಂಡ ಕೊನೆಗೆ ಹಾಕುವ ಒಂದು ಟ್ರೈಗೂ ಬೆಲೆ ಇದೆ, 80 ದಾಟಿದರೂ ಎರಡೂ ಕಡೆ ಬಿಡಲ್ಲ. "ಕೊನೆಯ ಟ್ರೈ ಯಾರದು" ಮಾರ್ಕೆಟ್‌ನಲ್ಲಿ ಬೆಂಚಿನವರ ದರ ನೋಡುವಾಗ ಇದು ನೆನಪಿರಲಿ.

ನಾಕೌಟ್‌ನಲ್ಲಿ ಬೋನಸ್ ಇಲ್ಲ, ಮೂರು ಅಂಕ ಸಿಕ್ಕರೆ ಬಾಚಿಕೊಳ್ಳುತ್ತಾರೆ. ವಿಶ್ವಕಪ್ ಫೈನಲ್‌ಗಳನ್ನು ನೋಡಿ: 1995ರಲ್ಲಿ 15–12, ಟ್ರೈ ಇಲ್ಲ. 2007ರಲ್ಲಿ 15–6, ಟ್ರೈ ಇಲ್ಲ. 2011ರಲ್ಲಿ 8–7. 2019ರಲ್ಲಿ ದಕ್ಷಿಣ ಆಫ್ರಿಕಾ 32–12ರಲ್ಲಿ ಗೆದ್ದರೂ ಮೊದಲ ಟ್ರೈ ಬಂದಿದ್ದು ಕೊನೆಯ ಕಾಲುಭಾಗದಲ್ಲಿ. ಗುಂಪಿನ ಹಂತದಲ್ಲಿ ದುರ್ಬಲ ತಂಡಗಳ ಮೇಲೆ ಹಾಕಿದ ಟ್ರೈಗಳ ಸರಾಸರಿಯನ್ನು ಫೈನಲ್‌ಗೆ ಎತ್ತಿಕೊಂಡು ಬರಬೇಡಿ.

ಮರ್ರೇಫೀಲ್ಡ್_ಮಂಜ
ಒಂದು ಪೂರ್ತಿ ಪಂದ್ಯ ತಗೊಂಡು ಯಾವ ಪ್ರಾಪ್ ಹೇಗೆ ತೀರ್ಮಾನ ಆಗುತ್ತೆ ಅಂತ ತೋರಿಸ್ತೀರಾ?

ಹಳೇ_ಲೈನ್‌ಔಟ್
2023ರ ಅಕ್ಟೋಬರ್ 28, ಪ್ಯಾರಿಸ್, ವಿಶ್ವಕಪ್ ಫೈನಲ್. ದಕ್ಷಿಣ ಆಫ್ರಿಕಾ 12, ನ್ಯೂಜಿಲೆಂಡ್ 11. ಪ್ರಾಪ್ ಪಾಠಕ್ಕೆ ಇದಕ್ಕಿಂತ ಒಳ್ಳೇ ಪಂದ್ಯ ಸಿಗಲ್ಲ.

ಮೊದಲ ಅಂಕ ಹೇಗೆ? ಪೆನಾಲ್ಟಿ ಗೋಲ್, ಪೊಲಾರ್ಡ್. ಮಧ್ಯಂತರಕ್ಕೆ 12–6, ಕೊನೆಗೂ ದಕ್ಷಿಣ ಆಫ್ರಿಕಾ, ಆದ್ದರಿಂದ ಅರ್ಧ/ಪೂರ್ಣ ಜೋಡಿ ಮಾರ್ಕೆಟ್ ದಕ್ಷಿಣ ಆಫ್ರಿಕಾ/ದಕ್ಷಿಣ ಆಫ್ರಿಕಾ. ಆದರೆ "ದ್ವಿತೀಯಾರ್ಧ ಗೆಲ್ಲೋರು" ನ್ಯೂಜಿಲೆಂಡ್, 5–0. ಕಪ್ ಎತ್ತಿದ ತಂಡ ದ್ವಿತೀಯಾರ್ಧದಲ್ಲಿ ಒಂದು ಅಂಕವನ್ನೂ ಗಳಿಸಲಿಲ್ಲ. ಗೆಲುವಿನ ಅಂತರ 1, ಅಂದರೆ "1ರಿಂದ 12" ಪಟ್ಟಿ. ಒಟ್ಟು 23, ಬೆಸ. ಕನ್ವರ್ಷನ್ ಸೊನ್ನೆ. ಪೊಲಾರ್ಡ್ ನಾಲ್ಕು ಪೆನಾಲ್ಟಿ, 12 ಅಂಕ, ತಂಡದ ಎಲ್ಲ ಅಂಕವೂ ಅವರದೇ.

ಟ್ರೈ ಒಂದೇ, ನ್ಯೂಜಿಲೆಂಡ್‌ನ ಬೋಡನ್ ಬ್ಯಾರೆಟ್. ಅವರೇ ಮೊದಲ ಟ್ರೈ, ಅವರೇ ಕೊನೆಯ ಟ್ರೈ, ಎರಡೂ ಮಾರ್ಕೆಟ್ ಗೆಲ್ಲುತ್ತೆ. ಅದಕ್ಕೆ ಮುಂಚೆ ಏರನ್ ಸ್ಮಿತ್ ಗೆರೆ ದಾಟಿದ್ದರು. ಹಿಂದಿನ ಹಂತದಲ್ಲಿ ನಾಕ್ ಆನ್ (ಬಾಲ್ ಕೈಜಾರಿ ಮುಂದಕ್ಕೆ ಬೀಳೋದು) ಆಗಿತ್ತು ಅಂತ ಟಿಎಂಒ (ವಿಡಿಯೊ ನೋಡುವ ರೆಫರಿ) ರದ್ದು ಮಾಡಿಸಿದರು. ರದ್ದಾದ ಟ್ರೈ ಯಾವ ಲೆಕ್ಕಕ್ಕೂ ಇಲ್ಲ. ಪಂದ್ಯ ನಡೆಯುವಾಗ ಕಟ್ಟುವವರು ಇಂಥ ಗಳಿಗೆಯಲ್ಲಿ ಮಾರ್ಕೆಟ್ ಮುಚ್ಚಿರುವುದನ್ನು ಕಾಣ್ತೀರಿ, ತೀರ್ಪು ಬರುವವರೆಗೂ ತೆರೆಯಲ್ಲ.

ದಕ್ಷಿಣ ಆಫ್ರಿಕಾದ ಹೂಕರ್ ಬಾಂಗಿ ಎಂಬೊನಾಂಬಿ ಮೊದಲ ಐದು ನಿಮಿಷದೊಳಗೇ ಗಾಯಗೊಂಡು ಹೊರಗೆ. ಅವರ ಮೇಲಿನ ಎನಿಟೈಮ್ ಸೋಲು, ವಾಪಸ್ ಇಲ್ಲ.

ಇನ್ನು ಕಾರ್ಡ್. ಶಾನನ್ ಫ್ರಿಜೆಲ್, ಸಿಯಾ ಕೊಲಿಸಿ, ಚೆಸ್ಲಿನ್ ಕೋಲ್ಬೆ ಹಳದಿ. ಸ್ಯಾಮ್ ಕೇನ್‌ಗೆ ಮೊದಲು ಹಳದಿ, ಆಮೇಲೆ ಬಂಕರ್ ಪರಿಶೀಲನೆಯಲ್ಲಿ (ಮೈದಾನದ ಹೊರಗೆ ವಿಡಿಯೊ ನೋಡಿ ತೀರ್ಮಾನಿಸೋದು) ಕೆಂಪು. ಈಗ "ಒಟ್ಟು ಹಳದಿ 3.5ರ ಮೇಲೆ" ಅನ್ನೋ ಬೆಟ್ ಗೆದ್ದಿತೇ? ಕೇನ್‌ರದ್ದನ್ನು ಹಳದಿ ಅಂತ ಎಣಿಸಿದರೆ ನಾಲ್ಕು, ಕೆಂಪು ಮಾತ್ರ ಅಂದರೆ ಮೂರು. ಉತ್ತರ ಆ ಕಂಪನಿಯ ನಿಯಮದಲ್ಲಿರುತ್ತೆ, ನಿಯಮ ಸ್ಪಷ್ಟವಿಲ್ಲದಿದ್ದರೆ ಆ ಮಾರ್ಕೆಟ್ ಮುಟ್ಟಬೇಡಿ. ಕಾರ್ಡ್‌ಗಳಲ್ಲಿ ಇನ್ನೊಂದು ಬದಲಾವಣೆ: 2025ರ ಸಿಕ್ಸ್ ನೇಷನ್ಸ್‌ನಿಂದ 20 ನಿಮಿಷದ ಕೆಂಪು ಕಾರ್ಡ್ ಇದೆ, ಅಷ್ಟು ಹೊತ್ತಾದ ಮೇಲೆ ಬದಲಿ ಆಟಗಾರ ಬರಬಹುದು. ಕೆಂಪು ಕಂಡ ಕೂಡಲೇ "ಒಟ್ಟು ಅಂಕ ಮೇಲೆ" ಅಂತ ಓಡುವ ಹಳೇ ಅಭ್ಯಾಸಕ್ಕೆ ಈಗ ಅಷ್ಟು ಬಲವಿಲ್ಲ.

ಧಾರವಾಡದ_ಪ್ರಾಪ್
ಟ್ಯಾಕಲ್ ಬಿಟ್ರಲ್ಲ. ಅದೇ ಫೈನಲ್‌ನಾಗ ಪೀಟರ್-ಸ್ಟೆಫ್ ಡು ಟಾಯ್ಟ್ 28 ಟ್ಯಾಕಲ್. ಟ್ಯಾಕಲ್ ಪ್ರಾಪ್‌ನಾಗ ಆಟಗಾರ ಎಷ್ಟು ಶೂರ ಅನ್ನೂದು ಎರಡನೇ ಮಾತು, ಎದುರಾಳಿ ಕೈಯಾಗ ಬಾಲ್ ಎಷ್ಟು ಹೊತ್ತು ಇರ್ತದ ಅನ್ನೂದು ಮೊದಲ್ನೇ ಮಾತು. ಸೋಲೂ ಸಾಧ್ಯತೆ ಇರೋ ತಂಡದ 6, 7 ನಂಬರ್ ಫ್ಲಾಂಕರ್ 80 ನಿಮಿಷ ಆಡಾಂವ ಇದ್ರ "ಮೇಲೆ" ನೋಡ್ರಿ. ಎಣಿಕಿ ಯಾರದು ಅಂತನೂ ನೋಡ್ರಿ. ಟಿವಿಯಾಗ ಒಂದು ಅಂಕಿ, ಬೆಟ್ ತೀರ್ಮಾನಕ್ಕ ಇನ್ನೊಂದು ಸಂಸ್ಥೆಯ ಅಂಕಿ. ಜಗಳಾ ಮಾಡಿದ್ರ ನಿಯಮದಾಗ ಬರದದ್ದೇ ನಿಲ್ಲೂದು.

ಮರ್ರೇಫೀಲ್ಡ್_ಮಂಜ
ಕೊನೇದು: ಬೆಟ್ ಬಿಲ್ಡರ್ (ಒಂದೇ ಪಂದ್ಯದ ಹಲವು ಬೆಟ್ ಸೇರಿಸಿ ಒಂದು ಮಾಡೋದು). "ತಂಡ 13+ ಅಂತರದಲ್ಲಿ ಗೆಲ್ಲುತ್ತೆ" ಮತ್ತು "ವಿಂಗರ್ ಟ್ರೈ" ಸೇರಿಸಿದ್ರೆ ಎರಡು ದರದ ಗುಣಲಬ್ಧಕ್ಕಿಂತ ಕಡಿಮೆ ಕೊಡ್ತಾರೆ. ಮೋಸ ಅಲ್ವಾ?

ಲೆಕ್ಕಾಚಾರ್ಯ
ಅದರಲ್ಲಿ ಅರ್ಧ ಪಾಲು ಮೋಸ ಅಲ್ಲ. 13+ ಗೆಲುವಿನ ಸಾಧ್ಯತೆ ಶೇ. 30, ವಿಂಗರ್ ಶೇ. 42.6. ಸಂಬಂಧವೇ ಇಲ್ಲದಿದ್ದರೆ ಗುಣಲಬ್ಧ ಶೇ. 12.8, ದರ 7.8. ಆದರೆ ತಂಡ 13+ರಲ್ಲಿ ಗೆದ್ದಿದೆ ಅಂದ ಮೇಲೆ ಅದು 3.7 ಅಲ್ಲ, ಸುಮಾರು 5 ಟ್ರೈ ಹಾಕಿರುತ್ತೆ. ಆಗ ವಿಂಗರ್‌ನ ಅಂಕಿ 5 × 0.15 = 0.75, ಸಾಧ್ಯತೆ ಶೇ. 52.8. ಎರಡೂ ಕೂಡಿ 0.30 × 0.528 = ಶೇ. 15.8, ನ್ಯಾಯವಾದ ದರ 6.3. ಆದ್ದರಿಂದ 7.8 ಸಿಗದಿರೋದು ಸರಿಯೇ. ಕೊಡ್ತಿರೋದು 5.0 ಆದರೆ ಉಳಿದರ್ಧ ಮೋಸ ಅಂದುಕೊಳ್ಳಿ, 6.3ಕ್ಕೂ 5.0ಕ್ಕೂ ನಡುವಿನದ್ದು ಅವರ ಕತ್ತರಿ. ಮೂರು, ನಾಲ್ಕು ಕಾಲು (ಬಿಲ್ಡರ್‌ನೊಳಗಿನ ಒಂದೊಂದು ಬೆಟ್) ಸೇರಿಸಿದಂತೆಲ್ಲ ಅದು ಬೆಳೆಯುತ್ತೆ. ಆ್ಯಪ್ ತೆರೆದ ಕೂಡಲೇ ಬಿಲ್ಡರ್ ಮೊದಲು ಕಾಣೋದು ಸುಮ್ಮನೆ ಅಲ್ಲ.

ಒಂದು ಕಾಲಿನ ಆಟಗಾರ ಆಡದಿದ್ದರೆ ಏನಾಗುತ್ತೆ ಅಂತ ನೋಡಿ. ಕೆಲವು ಕಡೆ ಆ ಕಾಲು ತೆಗೆದು ಮರುದರ ಹಾಕ್ತಾರೆ, ಕೆಲವು ಕಡೆ ಇಡೀ ಬೆಟ್ ವಾಪಸ್.

ಕುಡ್ಲ_ಕಿಕ್ಕರ್
ಕಟ್ಟುವ ಕ್ರಮವನ್ನೂ ಹೇಳಿಬಿಡ್ತೇನೆ. ಸೋಮವಾರ-ಮಂಗಳವಾರ ದರ ಬಂದರೂ ಸುಮ್ಮನಿರಿ, ತಂಡ ಘೋಷಣೆಯಾದ ಮೇಲೆ ನಿಮ್ಮ ಮೂರು ಅಂಕಿ ಹಾಕಿ ನ್ಯಾಯವಾದ ದರ ಮೊದಲು ಬರೆದಿಡಿ. ಆಮೇಲೆ ಮಾರ್ಕೆಟ್ ತೆರೆಯಿರಿ. ಉಲ್ಟಾ ಮಾಡಿದರೆ ಕಂಡ ದರಕ್ಕೆ ಸರಿಯಾಗಿ ಲೆಕ್ಕ ಬಾಗ್ತದೆ. ಎರಡು ಮೂರು ಕಂಪನಿ ಹೋಲಿಸಿ. ಒಂದೇ ಆಟಗಾರ ಒಂದು ಕಡೆ 2.30, ಇನ್ನೊಂದು ಕಡೆ 2.75 ಇರುವುದು ಪ್ರಾಪ್‌ಗಳಲ್ಲಿ ಸಾಮಾನ್ಯ. ಅಂದಾಜು ಅಂದಾಜೇ, ಆದ್ದರಿಂದ ದರ ನಿಮ್ಮ ಲೆಕ್ಕಕ್ಕಿಂತ ಶೇ. 10 ಮೇಲಿಲ್ಲದಿದ್ದರೆ ಬಿಟ್ಟುಬಿಡಿ. ಒಂದು ಸೀಸನ್‌ಗೆ ಹೋದರೂ ಹೋಗಲಿ ಅನ್ನುವ ಮೊತ್ತವನ್ನು ಬೇರೆ ಇಟ್ಟು, ಒಂದು ಬೆಟ್‌ಗೆ ಅದರ ಶೇ. 1. ಪಂದ್ಯದ ದಿನ ವಾರ್ಮ್ ಅಪ್‌ನಲ್ಲಿ ಯಾರಾದರೂ ಹಿಂದೆ ಸರಿದರಾ ನೋಡಿ, ಮಳೆ-ಗಾಳಿ ನೋಡಿ. ಡನೀಡನ್‌ನಲ್ಲಿ ಆದರೆ ಮಳೆ ನೋಡುವುದು ಬೇಡ, ಅಲ್ಲಿನ ಸ್ಟೇಡಿಯಂಗೆ ಸೂರು ಉಂಟು.

ಆಸ್ಟ್ರೇಲಿಯಾದಲ್ಲಿ ಪಂದ್ಯ ಶುರುವಾದ ಮೇಲೆ ಆನ್‌ಲೈನ್‌ನಲ್ಲಿ ಕಟ್ಟಲಿಕ್ಕಿಲ್ಲ, ಫೋನ್ ಮಾಡಿ ಅಥವಾ ಅಂಗಡಿಗೆ ಹೋಗಿ ಮಾತ್ರ. 2024ರ ಜೂನ್‌ನಿಂದ ಆನ್‌ಲೈನ್ ಬೆಟ್ಟಿಂಗ್‌ಗೆ ಕ್ರೆಡಿಟ್ ಕಾರ್ಡೂ ಇಲ್ಲ. ಬ್ರಿಟನ್‌ನಲ್ಲಿ ಅದು 2020ರಿಂದಲೇ ಇಲ್ಲ. ನ್ಯೂಜಿಲೆಂಡ್‌ನಲ್ಲಿ ಟಿಎಬಿ ಒಂದೇ, ಹಾಗಾಗಿ ಅಲ್ಲಿ ದರ ಹೋಲಿಸುವ ಮಾತೇ ಇಲ್ಲ.

ಹಳೇ_ಲೈನ್‌ಔಟ್
ಇನ್ನೊಂದು ಕಹಿ ವಿಷಯ. ಪ್ರಾಪ್‌ಗಳಲ್ಲಿ ಗರಿಷ್ಠ ಕಟ್ಟುವ ಮೊತ್ತ ಮೊದಲೇ ಚಿಕ್ಕದು. ನಿಮ್ಮ ದರ ಪದೇಪದೇ ಪಂದ್ಯದ ಹೊತ್ತಿಗೆ ಇಳಿದಿದ್ದರೆ, ಅಂದರೆ ನೀವು 2.75ಕ್ಕೆ ತಗೊಂಡಿದ್ದು ಆಮೇಲೆ 2.35 ಆಗ್ತಿದ್ದರೆ, ಲೆಕ್ಕ ಸರಿಯಿದೆ ಅನ್ನೋದಕ್ಕೆ ಅದೇ ಸಾಕ್ಷಿ, ಗೆದ್ದ ಸೋತ ಪಟ್ಟಿಗಿಂತ ಬೇಗ ಗೊತ್ತಾಗುತ್ತೆ. ಕಂಪನಿಯವರೂ ಅದನ್ನೇ ನೋಡ್ತಾರೆ, ಖಾತೆಯ ಮಿತಿಯನ್ನು ಐದು ಪೌಂಡ್‌ಗೆ ಇಳಿಸಿಬಿಡ್ತಾರೆ. ಆದ್ದರಿಂದ ಇದರಿಂದ ಮನೆ ನಡೆಸುವ ಕನಸು ಬೇಡ.

ನಿರ್ವಾಹಕ
ಡೆಪಾಸಿಟ್ ಮಿತಿಯನ್ನು ಖಾತೆ ತೆರೆದ ದಿನವೇ ಹಾಕಿಕೊಳ್ಳಿ. ಏರಿಸಲು ಕಾಯಿಸುತ್ತಾರೆ, ಇಳಿಸಿದರೆ ತಕ್ಷಣ ಜಾರಿ. ಸೋತದ್ದನ್ನು ಅದೇ ದಿನ ವಾಪಸ್ ತರಬೇಕು ಅನ್ನಿಸಲು ಶುರುವಾದವರಿಗೆ ಬ್ರಿಟನ್‌ನಲ್ಲಿ ಗ್ಯಾಮ್‌ಸ್ಟಾಪ್, ಆಸ್ಟ್ರೇಲಿಯಾದಲ್ಲಿ 2023ರಿಂದ ಬೆಟ್‌ಸ್ಟಾಪ್ ಇದೆ. ಒಮ್ಮೆ ಹೆಸರು ಹಾಕಿದರೆ ಪರವಾನಗಿ ಇರುವ ಎಲ್ಲ ಆನ್‌ಲೈನ್ ಕಂಪನಿಗಳೂ ಮುಚ್ಚುತ್ತವೆ, ಶುಲ್ಕವಿಲ್ಲ.

ಮರ್ರೇಫೀಲ್ಡ್_ಮಂಜ
ಎಲ್ಲರಿಗೂ ಧನ್ಯವಾದ. ಒಂದೇ ಅನುಮಾನ ಉಳೀತು: 2023ರ ಸೆಮಿಫೈನಲ್‌ನಲ್ಲಿ ಏಕೈಕ ಟ್ರೈ ಹಾಕಿದ ದಕ್ಷಿಣ ಆಫ್ರಿಕಾದ ಆರ್‌ಜಿ ಸ್ನೈಮನ್ ಬೆಂಚಿನಿಂದ ಬಂದವರು. ಅವರ ಮೇಲೆ "ಮೊದಲ ಟ್ರೈ" ಕಟ್ಟಿದ್ದರೆ ಗೆಲುವೇ?

ಕುಡ್ಲ_ಕಿಕ್ಕರ್
ಪಟ್ಟಿಯಲ್ಲಿ 16ರಿಂದ 23ರವರಿಗೂ ದರ ಕೊಟ್ಟಿದ್ದ ಕಂಪನಿಯಲ್ಲಿ ಗೆಲುವು, ಅವರು ಮೈದಾನಕ್ಕೆ ಬರುವವರೆಗೆ ಟ್ರೈ ಬಿದ್ದಿರಲಿಲ್ಲವಲ್ಲ. "ಶುರುವಿನ ಹದಿನೈದು ಮಾತ್ರ" ಅನ್ನುವ ಕಡೆ ಹಣ ವಾಪಸ್.